‘15ರಿಂದ 35 ವರ್ಷದವರು’ ಎಂದು ಬರೆದರೆ ಸಾಲದು: ವಿದ್ಯಾರ್ಥಿ ಥ್ರಿಲ್ಲರ್‌ನ ನೋಡುಗರು ಯಾರು?

ಪ್ರಶ್ನೆ: ನಾವು ಮೈಸೂರಿನಲ್ಲಿ ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿರುವ ಐವರು ವಿದ್ಯಾರ್ಥಿನಿಯರು. ಪ್ರಾಜೆಕ್ಟ್‌ಗೆಂದು 18 ನಿಮಿಷದ ಥ್ರಿಲ್ಲರ್ ಕಿರುಚಿತ್ರ ಮಾಡುತ್ತಿದ್ದೇವೆ. ಕಥೆ ಇಷ್ಟು: ಪಿಜಿಯಲ್ಲಿರುವ ಹುಡುಗಿ ರಾತ್ರಿ ರೂಮಿಗೆ ಬಂದಾಗ ರೂಮ್‌ಮೇಟ್ ಇರುವುದಿಲ್ಲ. ಆದರೆ ಅವಳ ಫೋನಿನಿಂದ ವಾಟ್ಸ್‌ಆ್ಯಪ್ ಮೆಸೇಜ್ ಬರುತ್ತಲೇ ಇರುತ್ತದೆ. ಫೋನ್ ಬೇರೆ ಯಾರದೋ ಕೈಯಲ್ಲಿದೆ ಎಂದು ಆಮೇಲೆ ಗೊತ್ತಾಗುತ್ತದೆ. ಸ್ಕ್ರಿಪ್ಟ್ ಮುಗಿದಿದೆ, ಶೂಟಿಂಗ್ ಪರೀಕ್ಷೆ ಆದಮೇಲೆ. ರಿಪೋರ್ಟ್‌ನ ‘ಟಾರ್ಗೆಟ್ ಆಡಿಯನ್ಸ್’ ಅಧ್ಯಾಯದಲ್ಲಿ ‘15ರಿಂದ 35 ವರ್ಷದ, ಥ್ರಿಲ್ಲರ್ ಇಷ್ಟಪಡುವ ಯುವಜನರು’ ಎಂದು ಬರೆದಿದ್ದೆವು. ಗೈಡ್ ಮೇಡಂ ‘ಇದು ಸಾಲದು’ ಎಂದು ವಾಪಸ್ ಕೊಟ್ಟರು. ಗೂಗಲ್ ಫಾರ್ಮ್ ಸರ್ವೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಥ್ರಿಲ್ಲರ್ ಇಷ್ಟ ಎಂದೇ ಹೇಳಿದ್ದಾರೆ. ಇನ್ನೇನು ಬರೆಯಬೇಕು?

ಉತ್ತರ: ಮೇಡಂ ವಾಪಸ್ ಕೊಟ್ಟದ್ದು ಸರಿಯಾಗಿಯೇ ಇದೆ. ಹದಿನೈದರ ಹುಡುಗಿ ಎಸ್ಸೆಸ್ಸೆಲ್ಸಿ ಓದುತ್ತಿರುತ್ತಾಳೆ, ಅವಳ ಕೈಯಲ್ಲಿರುವುದು ಬಹುಶಃ ಅಮ್ಮನ ಫೋನು. ಮೂವತ್ತೈದರ ಹೆಂಗಸಿಗೆ ಸ್ಕೂಲಿಗೆ ಹೋಗುವ ಮಗು ಇರಬಹುದು, ಮನೆ ಸಾಲದ ಕಂತು ಇರಬಹುದು. ಇಬ್ಬರೂ ಒಂದೇ ಸಿನಿಮಾ ನೋಡಿಯಾರು, ಆದರೆ ಇಬ್ಬರಿಗೂ ಒಂದೇ ಜಾಗದಲ್ಲಿ ಎದೆ ಧಸಕ್ ಎನ್ನುವುದಿಲ್ಲ. ಹಾಸ್ಯಚಿತ್ರವನ್ನೋ ಕೌಟುಂಬಿಕ ಕಥೆಯನ್ನೋ ಮಾಡುತ್ತಿದ್ದರೆ ಇಷ್ಟು ಅಗಲದ ವಯಸ್ಸಿನ ಪಟ್ಟಿ ಹೇಗೋ ನಡೆದುಹೋಗುತ್ತಿತ್ತೇನೋ. ಥ್ರಿಲ್ಲರ್‌ನಲ್ಲಿ ನಡೆಯುವುದಿಲ್ಲ. ಯಾವ ಸುಳಿವನ್ನು ಬಚ್ಚಿಡಬೇಕು, ಯಾವುದನ್ನು ಬಿಡಿಸಿ ಹೇಳಬೇಕು, ಎಷ್ಟು ಹೊತ್ತು ಕಾಯಿಸಬೇಕು ಎಂಬುದೆಲ್ಲ ಎದುರಿಗೆ ಕೂತವರಿಗೆ ಮೊದಲೇ ಏನು ಗೊತ್ತಿದೆ, ಅವರು ಯಾವುದಕ್ಕೆ ಹೆದರುತ್ತಾರೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಈ ಅಧ್ಯಾಯವನ್ನು ರಿಪೋರ್ಟ್‌ಗಾಗಿ ಕೊನೆಯಲ್ಲಿ ಸೇರಿಸುವ ಎರಡು ಪುಟ ಎಂದುಕೊಳ್ಳಬೇಡಿ. ಇದರಿಂದ ನಿಮ್ಮ ಸ್ಕ್ರಿಪ್ಟೇ ಬದಲಾಗಬಹುದು, ಬದಲಾಗಲಿ. ಶೂಟಿಂಗ್ ಇನ್ನೂ ಆಗಿಲ್ಲ ಎಂಬುದು ನಿಮ್ಮ ಅದೃಷ್ಟ.

ಮೊದಲು ಸರ್ವೆಯ ವಿಚಾರ. ‘ನಿಮಗೆ ಥ್ರಿಲ್ಲರ್ ಇಷ್ಟವೇ?’ ಎಂದು ಗೆಳತಿ ಲಿಂಕ್ ಕಳಿಸಿ ಕೇಳಿದರೆ ಇಲ್ಲ ಎನ್ನುವವರು ಯಾರು? ಆ ಉತ್ತರದಿಂದ ನಿಮಗೆ ಏನೂ ಸಿಗುವುದಿಲ್ಲ. ಅಭಿಪ್ರಾಯ ಕೇಳುವ ಬದಲು ನಡೆದದ್ದನ್ನು ಕೇಳಿ. ಕೊನೆಯ ಸಲ ಯಾವ ಥ್ರಿಲ್ಲರ್ ನೋಡಿದಿರಿ, ಎಷ್ಟು ಗಂಟೆಗೆ, ಯಾರ ಜತೆ, ಫೋನಿನಲ್ಲೋ ಟೀವಿಯಲ್ಲೋ, ಇಯರ್‌ಫೋನ್ ಇತ್ತೇ, ಪೂರ್ತಿ ನೋಡಿದಿರಾ, ಅರ್ಧಕ್ಕೆ ಬಿಟ್ಟಿದ್ದರೆ ಎಲ್ಲಿ ಬಿಟ್ಟಿರಿ, ಯಾಕೆ? ಇದನ್ನು ಫಾರ್ಮ್‌ನಲ್ಲಿ ಹಾಕಿದರೆ ಒಂದೊಂದು ಪದದ ಉತ್ತರ ಬರುತ್ತದೆ. ಎದುರು ಕೂತು ಎಂಟು ಹತ್ತು ಜನರನ್ನು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ನೂರು ಜನ ಕ್ಲಿಕ್ ಮಾಡಿದ ಪೈ ಚಾರ್ಟ್‌ಗಿಂತ ‘ಒಬ್ಬಳೇ ಇದ್ದಾಗ ನೋಡಲ್ಲ, ಊಟದ ಹೊತ್ತಲ್ಲಿ ನಾಲ್ಕು ಜನ ಮಂಚದ ಮೇಲೆ ಕೂತು ಒಂದೇ ಫೋನಲ್ಲಿ ನೋಡ್ತೀವಿ’ ಎನ್ನುವಂಥ ಒಂದು ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಾಗೆ ನೋಡುವವರು ನಡುನಡುವೆ ಮಾತಾಡುತ್ತಾರೆ, ಪಿಸುಮಾತಿನ ಸಂಭಾಷಣೆ ಅವರಿಗೆ ಕೇಳಿಸುವುದೇ ಇಲ್ಲ.

ಈಗ ನಿಮ್ಮ ಕಥೆಗೆ ಬರೋಣ. ನೀವು ಕೊಟ್ಟ ನಾಲ್ಕು ಸಾಲಿನಲ್ಲೇ ನನಗೆ ಎರಡು ಬೇರೆ ಬೇರೆ ಪ್ರೇಕ್ಷಕ ವರ್ಗ ಕಾಣುತ್ತಿದೆ, ಎರಡೂ ಗಟ್ಟಿಯಾದವು. ಒಂದು, ಪಿಜಿಯಲ್ಲಿ ಈಗ ಇರುವ ಅಥವಾ ಮೊನ್ನೆ ಮೊನ್ನೆವರೆಗೆ ಇದ್ದ ಹುಡುಗಿಯರು, ಸುಮಾರು 18ರಿಂದ 24ರ ನಡುವಿನವರು. ಇನ್ನೊಂದು, ಮಗಳನ್ನು ಊರಿನಿಂದ ಮೈಸೂರಿಗೋ ಬೆಂಗಳೂರಿಗೋ ಕಳಿಸಿ ರಾತ್ರಿ ಒಂಬತ್ತೂವರೆಗೆ ‘ಊಟ ಆಯ್ತಾ’ ಎಂದು ಫೋನ್ ಮಾಡುವ ಅಪ್ಪ ಅಮ್ಮ. ಇಬ್ಬರಿಗೂ ನಿಮ್ಮ ಕಥೆ ತಟ್ಟುತ್ತದೆ, ಆದರೆ ಭಯ ಬೇರೆ. ಅಮ್ಮನ ಭಯ ದೂರದ್ದು: ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ, ಇಲ್ಲಿಂದ ಏನೂ ಮಾಡುವ ಹಾಗಿಲ್ಲ. ಮಗಳ ಭಯ ಹತ್ತಿರದ್ದು: ಈ ರೂಮಿನ ಇನ್ನೊಂದು ಕೀ ಯಾರ ಹತ್ತಿರ ಇದೆ?

ಅಮ್ಮನಿಗಾಗಿ ಮಾಡುವುದಾದರೆ ಕ್ಯಾಮೆರಾ ಊರಿನ ಮನೆಯಲ್ಲಿರಬೇಕು, ಕಥೆಯ ನಾಯಕಿ ಅಮ್ಮನೇ ಆಗಬೇಕು, ಮೈಸೂರು ಬರೀ ಒಂದು ದನಿಯಾಗಿ ಕೇಳಬೇಕು. ಮಗಳಿಗಾಗಿ ಮಾಡುವುದಾದರೆ ರೂಮಿನಿಂದ ಹೊರಗೆ ಹೋಗುವುದೇ ಬೇಡ. ನೀವು ಬರೆದಿರುವುದು ಎರಡನೆಯದು. ಅದನ್ನೇ ಹಿಡಿಯಿರಿ ಎಂದು ನನ್ನ ಸಲಹೆ, ಏಕೆಂದರೆ ಆ ಜಗತ್ತು ನಿಮ್ಮ ಐವರಿಗೂ ಒಳಗಿನಿಂದ ಗೊತ್ತು. ಗೇಟ್ ಹಾಕಿದ ಮೇಲೆ ಪಿಜಿ ಆಂಟಿಗೆ ಫೋನ್ ಮಾಡಿ ಬೈಸಿಕೊಳ್ಳುವುದು, ಮಧ್ಯರಾತ್ರಿ ನೀರಿನ ಮೋಟರ್ ತಾನೇ ಶುರುವಾಗುವ ಸದ್ದು, ಕಾಮನ್ ಬಾತ್‌ರೂಮಿನ ಚಿಲಕ ಸರಿಯಾಗಿ ಕೂರದಿರುವುದು, ಪಕ್ಕದ ಮಂಚದ ಹುಡುಗಿಯ ನಿಜವಾದ ಮನೆ ವಿಳಾಸ ನಮಗೆ ಗೊತ್ತೇ ಇಲ್ಲ ಎಂದು ಒಂದು ದಿನ ಹೊಳೆಯುವುದು. ಕೊನೆಯದಂತೂ ನಿಮ್ಮ ಸಿನಿಮಾದ ಜೀವಾಳವೇ ಆಗಬಹುದು. ದಿನಾ ಒಂದೇ ಪೇಸ್ಟ್ ಹಂಚಿಕೊಳ್ಳುವವಳು ಕಾಣೆಯಾದರೆ ಪೊಲೀಸರಿಗೆ ಹೇಳಲು ನಮಗೆ ಅವಳ ಬಗ್ಗೆ ಏನು ಗೊತ್ತು?

2016ರ ‘ಯು ಟರ್ನ್’ ಚಿತ್ರ ನೆನಪಿಸಿಕೊಳ್ಳಿ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್‌ನಲ್ಲಿ ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗಿಕೊಳ್ಳುವ ಬೈಕ್ ಸವಾರರ ಅಭ್ಯಾಸದ ಮೇಲೆ ಇಡೀ ಕಥೆ ನಿಂತಿದೆ. ಅದನ್ನು ಬೇರೆ ಊರುಗಳವರೂ ನೋಡಿದರು, ಬೇರೆ ಭಾಷೆಗಳಲ್ಲೂ ಮಾಡಿದರು. ಆದರೆ ಅದರ ಮೊದಲ ಏಟು ಬಿದ್ದದ್ದು ನಿನ್ನೆಯಷ್ಟೇ ಅಂಥದ್ದೊಂದು ತಿರುವು ತೆಗೆದುಕೊಂಡಿದ್ದ ಬೆಂಗಳೂರಿನ ಸವಾರನಿಗೆ. ಇಡೀ ಜಗತ್ತನ್ನು ಹೆದರಿಸಲು ಹೊರಡುವ ವಿದ್ಯಾರ್ಥಿ ಚಿತ್ರಗಳು ಸಾಮಾನ್ಯವಾಗಿ ಹಾಳುಬಿದ್ದ ಬಂಗಲೆ, ಕಪ್ಪು ಹುಡ್ ಹಾಕಿದ ಮನುಷ್ಯ, ಕೆಂಪು ಲೈಟು ಇಷ್ಟರಲ್ಲೇ ಗಿರಕಿ ಹೊಡೆಯುತ್ತವೆ. (ಆ ಹುಡ್ ನಮ್ಮ ಎಷ್ಟು ಊರುಗಳಲ್ಲಿ ಯಾರು ಹಾಕಿಕೊಂಡು ಓಡಾಡುತ್ತಾರೋ ದೇವರೇ ಬಲ್ಲ.)

ನೋಡುಗರ ಆಯ್ಕೆ ಸ್ಕ್ರಿಪ್ಟನ್ನು ಹೇಗೆ ಬದಲಿಸುತ್ತದೆ ಎನ್ನುವುದಕ್ಕೆ ನಿಮ್ಮ ಕಥೆಯಿಂದಲೇ ಒಂದು ದೃಶ್ಯ ತೆಗೆದುಕೊಳ್ಳೋಣ. ಫೋನ್ ಬೇರೆಯವರ ಕೈಯಲ್ಲಿದೆ ಎಂದು ನಾಯಕಿಗೆ ಗೊತ್ತಾಗುವುದು ಹೇಗೆ? ರೂಮ್‌ಮೇಟ್ ಯಾವತ್ತೂ ಟೈಪ್ ಮಾಡುವವಳೇ ಅಲ್ಲ, ಬರೀ ವಾಯ್ಸ್ ನೋಟ್ ಕಳಿಸುವವಳು ಎಂದಿಟ್ಟುಕೊಳ್ಳಿ. ಆ ರಾತ್ರಿ ಬರುವುದೆಲ್ಲ ಟೈಪ್ ಮಾಡಿದ ಮೆಸೇಜು. ಮೊದಲ ಎರಡು ನಿಮಿಷದಲ್ಲಿ ಹಳೆಯ ಚಾಟ್ ಮೇಲಕ್ಕೆ ಸರಿಸುವಾಗ ಸಾಲಾಗಿ ವಾಯ್ಸ್ ನೋಟ್‌ಗಳು ಕಾಣಿಸಿದರೆ ಸಾಕು, ಇಪ್ಪತ್ತರ ಹುಡುಗಿ ಅದನ್ನು ತಲೆಯಲ್ಲಿ ಇಟ್ಟುಕೊಂಡಿರುತ್ತಾಳೆ. ಏಳನೇ ನಿಮಿಷದಲ್ಲಿ ಟೈಪ್ ಮಾಡಿದ ಉದ್ದನೆಯ ಮೆಸೇಜ್ ಬಂದಾಗ ನಾಯಕಿಗಿಂತ ಅರ್ಧ ಕ್ಷಣ ಮೊದಲು ಅವಳಿಗೆ ಹೊಳೆಯುತ್ತದೆ, ಅಲ್ಲೇ ಮೈ ಜುಮ್ಮೆನ್ನುತ್ತದೆ. ಐವತ್ತರ ಅಪ್ಪನಿಗೆ ಇಷ್ಟು ಸಾಲುವುದಿಲ್ಲ. ‘ಇವಳು ಯಾವತ್ತೂ ಟೈಪ್ ಮಾಡಲ್ಲವಲ್ಲ!’ ಎಂದು ನಾಯಕಿಯ ಬಾಯಲ್ಲಿ ಹೇಳಿಸಬೇಕಾಗುತ್ತದೆ. ಆ ಒಂದು ಸಾಲು ಬರೆದ ಕೂಡಲೇ ಹುಡುಗಿಯ ಪಾಲಿನ ರೋಮಾಂಚನ ಸತ್ತಿತು. ಇಬ್ಬರನ್ನೂ ಒಟ್ಟಿಗೆ ಮೆಚ್ಚಿಸಲು ಆಗುವುದಿಲ್ಲ ಎನ್ನುವುದು ಇಲ್ಲಿ ಕೈಗೆ ಸಿಗುವಷ್ಟು ಸ್ಪಷ್ಟ. ರಿಪೋರ್ಟ್‌ನಲ್ಲಿ ಈ ದೃಶ್ಯವನ್ನೇ ಉದಾಹರಣೆಯಾಗಿ ಕೊಡಿ. ‘ನಮ್ಮ ಪ್ರಧಾನ ಪ್ರೇಕ್ಷಕರು ಇವರು, ಆದ್ದರಿಂದ ಈ ಸಾಲನ್ನು ತೆಗೆದೆವು’ ಎಂದು ತೋರಿಸಿದರೆ ಯಾವ ಮೇಡಂ ಕೂಡ ವಾಪಸ್ ಕೊಡುವುದಿಲ್ಲ.

ಅಪ್ಪ ಅಮ್ಮನನ್ನು ಪ್ರಧಾನ ಪ್ರೇಕ್ಷಕರಾಗಿ ಬಿಟ್ಟರೂ ಪೂರ್ತಿ ಮರೆಯುವಂತಿಲ್ಲ. ಸಿನಿಮಾ ಫ್ಯಾಮಿಲಿ ಗ್ರೂಪಿಗೆ ಹೋಗೇ ಹೋಗುತ್ತದೆ. ಅಲ್ಲಿ ಏನಾಗಬಹುದು ಎಂದು ಯೋಚಿಸಿದ್ದೀರಾ? ‘ನೋಡಿದ್ಯಾ, ಅದಕ್ಕೇ ಹೇಳೋದು, ರಾತ್ರಿ ಹೊರಗೆ ಹೋಗ್ಬೇಡ ಅಂತ’ ಎನ್ನುತ್ತಾರೆ. ನೀವು ಹುಡುಗಿಯರ ಪರವಾಗಿ ಮಾಡಿದ ಸಿನಿಮಾ ಹುಡುಗಿಯರನ್ನು ಊರಿಗೆ ವಾಪಸ್ ಕರೆಸಿಕೊಳ್ಳುವ ವಾದಕ್ಕೆ ಸಾಕ್ಷಿಯಾಗಿಬಿಡುತ್ತದೆ. ನಿಮ್ಮ ಸಿಲೆಬಸ್‌ನಲ್ಲಿ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ ಇದ್ದೇ ಇರುತ್ತಾರೆ. ಮಾಡಿದವರು ಒಂದು ಅರ್ಥ ತುಂಬಿದರೂ ನೋಡುಗರು ಅದನ್ನು ಹಾಗೇ ಒಪ್ಪಬಹುದು, ಅರ್ಧ ಒಪ್ಪಿ ತಮ್ಮ ಬದುಕಿಗೆ ತಕ್ಕಂತೆ ತಿದ್ದಿಕೊಳ್ಳಬಹುದು, ಪೂರ್ತಿ ಎದುರಾಗಿಯೂ ಓದಬಹುದು ಎಂದು ಅವರು 1973ರಲ್ಲಿ ಬರೆದರು. ಅದನ್ನು ವ್ಯಾಖ್ಯೆಯಾಗಿ ಕಾಪಿ ಮಾಡಿ ಹಾಕುವ ಬದಲು ನಿಮ್ಮ ಚಿತ್ರದ ಕೊನೆಯ ಎರಡು ನಿಮಿಷದ ಮೇಲೆ ಹಚ್ಚಿ ನೋಡಿ. ಅಪರಾಧಿ ಸಿಕ್ಕಿಬೀಳುವುದು ನಾಯಕಿ ಹೊರಗೆ ಹೋದದ್ದರಿಂದಲೋ, ಅಥವಾ ಹೊರಗೆ ಹೋದದ್ದಕ್ಕೆ ಅವಳಿಗೆ ಶಿಕ್ಷೆಯೋ? ಈ ಒಂದು ಆಯ್ಕೆಯಿಂದ ಫ್ಯಾಮಿಲಿ ಗ್ರೂಪಿನ ಓದು ಬದಲಾಗುತ್ತದೆ. ಎರಡನೇ ವರ್ಗದ ಪ್ರೇಕ್ಷಕರಿಗೆ ಇಷ್ಟು ಗಮನ ಕೊಟ್ಟರೆ ಸಾಕು.

ಥ್ರಿಲ್ಲರ್ ಎನ್ನುವುದೂ ಒಂದೇ ಜಾತಿಯಲ್ಲ. ಯಾರು ಮಾಡಿದ್ದು ಎಂದು ತಾವೇ ಪತ್ತೆ ಹಚ್ಚಲು ಬರುವವರು ಬೇರೆ, ಹೆದರಲೆಂದೇ ಬರುವವರು ಬೇರೆ, ಒಬ್ಬ ಮನುಷ್ಯನ ತಲೆಯೊಳಗೆ ಇಳಿಯಲು ಬರುವವರು ಬೇರೆ. ವಾರಪತ್ರಿಕೆಯ ಪತ್ತೇದಾರಿ ಧಾರಾವಾಹಿಗೆ ವಾರಗಟ್ಟಲೆ ಕಾದು ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರಿಗೆ ಸುಳಿವು ನ್ಯಾಯವಾಗಿರಬೇಕು, ಕೊನೆಗೆ ಎಲ್ಲ ಗಂಟೂ ಬಿಚ್ಚಬೇಕು. ರಾತ್ರಿ ಹಾಸಿಗೆಯಲ್ಲಿ ಫೋನ್ ಹಿಡಿದು ನೋಡುವ ಹುಡುಗಿಗೆ ಒಂದು ಗಂಟು ಬಿಚ್ಚದೆ ಉಳಿದರೂ ಬೇಸರವಿಲ್ಲ, ಮರುದಿನ ರೂಮಿನಲ್ಲಿ ಅದರ ಬಗ್ಗೆ ಮಾತಾಡಲು ಏನಾದರೂ ಸಿಗುತ್ತದೆ. ನಿಮ್ಮ ಸಿನಿಮಾ ಮೊದಲರ್ಧದಲ್ಲಿ ಪತ್ತೇದಾರಿ, ಕೊನೆಯಲ್ಲಿ ಹಾರರ್ ಆಗುವ ಅಪಾಯದಲ್ಲಿದೆ ಎಂದು ನನ್ನ ಗುಮಾನಿ. ಹಾಗಾದರೆ ಎರಡೂ ಕಡೆಯವರು ಕೈಬಿಡುತ್ತಾರೆ.

ಯಾವ ಪರದೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಬರೆಯುವುದೇ ಕಡಿಮೆ. ನಿಮ್ಮ ನೋಡುಗರು ಫೋನಿನಲ್ಲಿ ನೋಡುವವರು. ಎಡಿಟಿಂಗ್ ಮಾಡುವಾಗ ದೊಡ್ಡ ಮಾನಿಟರ್, ಹೆಡ್‌ಫೋನ್ ಇಟ್ಟುಕೊಂಡು 50–60 ಹರ್ಟ್ಜ್‌ನ ಗುಂಯ್ ಎನ್ನುವ ಸದ್ದು ಹಾಕಿ ಖುಷಿಪಡುತ್ತೀರಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ನೋಡುಗರಿಗೆ ಅಲ್ಲಿ ಬರೀ ಮೌನ. ಭಯ ಹುಟ್ಟಿಸುವ ಸದ್ದು ಮಧ್ಯಮ ಸ್ತರದ್ದಾಗಿರಲಿ: ಚಿಲಕ, ಫೋನ್ ವೈಬ್ರೇಟ್ ಆಗಿ ಮೇಜಿನ ಮೇಲೆ ಜಾರುವುದು, ಫ್ಯಾನಿನ ಕಿರ್ ಕಿರ್. ಕತ್ತಲ ದೃಶ್ಯಗಳನ್ನು ಹಗಲು ಬೆಳಕಿನಲ್ಲಿ, ಬ್ರೈಟ್‌ನೆಸ್ ಅರ್ಧಕ್ಕಿಳಿಸಿದ ಫೋನಿನಲ್ಲಿ ಒಮ್ಮೆ ನೋಡಿ. ಮೆಸೇಜುಗಳೇ ಕಥೆ ಹೇಳುವ ಚಿತ್ರವಾದ್ದರಿಂದ ಅಕ್ಷರದ ಗಾತ್ರವೂ ಮುಖ್ಯ. ಫೋನ್ ಹಿಡಿದ ಕೈಯನ್ನು ದೂರದಿಂದ ಶೂಟ್ ಮಾಡಿದರೆ ನಿಮ್ಮ ನೋಡುಗರ ಫೋನಿನೊಳಗಿನ ಆ ಫೋನು ಉಗುರಿನಷ್ಟು ಚಿಕ್ಕದಾಗುತ್ತದೆ. ಮೆಸೇಜನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕಿ, ಓದಲು ಸಮಯ ಕೊಡಿ.

ಭಾಷೆಯ ಬಗ್ಗೆ ಒಂದು ಮಾತು. ಮೈಸೂರಿನ ಒಂದು ಪಿಜಿಯಲ್ಲಿ ಕೊಡಗಿನವಳು, ಕಲಬುರಗಿಯವಳು, ಹಾಸನದವಳು ಒಂದೇ ರೂಮಿನಲ್ಲಿ ಇರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪಠ್ಯಪುಸ್ತಕದ ಕನ್ನಡ ಹಾಕಿದರೆ ಪಿಜಿ ಹುಡುಗಿಗೆ ಇದು ತನ್ನ ರೂಮಲ್ಲ ಎಂದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಸೆನ್ಸಾರ್ ಸರ್ಟಿಫಿಕೇಟ್ ಬೇಕೇ ಎಂದು ನೀವು ಕೇಳಿಲ್ಲ, ಆದರೆ ವೈವಾದಲ್ಲಿ ಕೇಳುತ್ತಾರೆ. ಸಾರ್ವಜನಿಕ ಪ್ರದರ್ಶನಕ್ಕೆ, ಅಂದರೆ ಥಿಯೇಟರಿಗೆ, 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಿಬಿಎಫ್‌ಸಿ (ಸೆನ್ಸಾರ್ ಮಂಡಳಿ) ಪ್ರಮಾಣಪತ್ರ ಬೇಕು. ಯೂಟ್ಯೂಬಿಗೆ ಹಾಕಲು ಬೇಕಿಲ್ಲ. ಆದರೂ ಆ ವರ್ಗೀಕರಣ ನಿಮಗೆ ಯೋಚಿಸಲು ಒಳ್ಳೆಯ ಸಾಧನ. 2023ರ ತಿದ್ದುಪಡಿಯ ನಂತರ ಹಳೆಯ ಯುಎ (ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ವರ್ಗ) ಒಂದೇ ಆಗಿ ಉಳಿದಿಲ್ಲ, ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ನಿಮ್ಮ ಚಿತ್ರ ಎಲ್ಲಿ ಬರುತ್ತದೆ, ಯಾವ ದೃಶ್ಯದಿಂದಾಗಿ ಅಲ್ಲಿ ಬರುತ್ತದೆ ಎಂದು ಬರೆಯಿರಿ. ನನ್ನ ಅಂದಾಜಿನಲ್ಲಿ ಬೆದರಿಕೆ ಮತ್ತು ಅಪಹರಣದ ಸೂಚನೆ ಇರುವ, ರಕ್ತ ತೋರಿಸದ ಚಿತ್ರಕ್ಕೆ ಯುಎ 13+ ಅಥವಾ 16+ ಎಂದು ವಾದಿಸಬಹುದು. ರಕ್ತಸಿಕ್ತ ದೃಶ್ಯ ಸೇರಿಸಿದರೆ ಇನ್ನೊಂದು ತೊಂದರೆಯೂ ಇದೆ: ಯೂಟ್ಯೂಬ್ ವಿಡಿಯೊಗೆ ವಯಸ್ಸಿನ ನಿರ್ಬಂಧ ಹಾಕಿದರೆ ಲಾಗಿನ್ ಆಗದವರಿಗೂ 18 ತುಂಬದವರಿಗೂ ಅದು ತೆರೆಯುವುದಿಲ್ಲ. ಪ್ರಥಮ ಪಿಯುಸಿ ಮುಗಿಸಿ ಹಾಸ್ಟೆಲ್‌ನಲ್ಲಿರುವ ಹುಡುಗಿಯನ್ನು ನೀವೇ ಬಾಗಿಲಲ್ಲಿ ತಡೆದ ಹಾಗಾಯಿತು.

ಚಿತ್ರೋತ್ಸವಕ್ಕೆ ಕಳಿಸುವ ಆಸೆ ಇದ್ದರೆ ಅದು ಮೂರನೆಯ ಪ್ರೇಕ್ಷಕ ವರ್ಗ: ಆಯ್ಕೆ ಸಮಿತಿಯವರು. ಅವರು ಸಾಲು ಸಾಲು ಚಿತ್ರ ನೋಡುವವರು, 18 ನಿಮಿಷದ ಚಿತ್ರಕ್ಕೆ ಕಾರ್ಯಕ್ರಮದಲ್ಲಿ ಜಾಗ ಮಾಡಲು ಎರಡು ಚಿಕ್ಕ ಚಿತ್ರಗಳನ್ನು ಕೈಬಿಡಬೇಕಾದೀತು. ಕೆಲವು ಉತ್ಸವಗಳು ಆಗಲೇ ಯೂಟ್ಯೂಬಿನಲ್ಲಿರುವ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ, ಅಪ್‌ಲೋಡ್ ಮಾಡುವ ಮೊದಲು ನಿಯಮ ಓದಿ. ಆದರೆ ಅವರಿಗಾಗಿ ಕಥೆಯ ಸ್ಥಳೀಯತೆಯನ್ನು ತೊಳೆದು ಹಾಕಬೇಡಿ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಪಡೆದದ್ದು, ಪುಣೆಯ ಸಿನಿಮಾ ತರಬೇತಿ ಸಂಸ್ಥೆ ಎಫ್‌ಟಿಐಐನ ವಿದ್ಯಾರ್ಥಿಯಾಗಿದ್ದ ಚಿದಾನಂದ ಎಸ್. ನಾಯ್ಕ್ ನಿರ್ದೇಶನದ 16 ನಿಮಿಷದ ಕನ್ನಡ ಚಿತ್ರ. ಹುಂಜ ಕದ್ದ ಅಜ್ಜಿಯ ಜಾನಪದ ಕಥೆ ಅದು, ಥ್ರಿಲ್ಲರ್ ಅಲ್ಲ. ಅಜ್ಜಿ, ಹುಂಜ, ಕನ್ನಡ ಯಾವುದೂ ಅದಕ್ಕೆ ಅಡ್ಡಿಯಾಗಲಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಚೆನ್ನಾಗಿ ಮಾಡಿಸಿ, ಅದರಲ್ಲೂ ಮೆಸೇಜುಗಳದ್ದು. ಪಿಜಿಯನ್ನು ಪಿಜಿಯಾಗಿಯೇ ಬಿಡಿ.

ಪರೀಕ್ಷಕರೂ ಪ್ರೇಕ್ಷಕರೇ ಅಲ್ಲವೇ ಎನ್ನಬಹುದು. ಹೌದು, ಆದರೆ ಅವರಿಗೆ ಬೇಕಾದದ್ದು ನೀವು ಯಾಕೆ ಹೀಗೆ ಮಾಡಿದಿರಿ ಎಂಬ ವಿವರಣೆ. ಅದು ರಿಪೋರ್ಟ್‌ನಲ್ಲಿರಲಿ, ಸಿನಿಮಾದೊಳಗೆ ತುರುಕಬೇಡಿ.

ಇನ್ನು ಅಂದಾಜನ್ನು ಪರೀಕ್ಷೆಗೆ ಒಡ್ಡುವ ಕೆಲಸ. ಸರಸ್ವತಿಪುರಂ, ಕುವೆಂಪುನಗರದ ಕಡೆ ಪಿಜಿಗಳಿಗೆ ಬರವಿಲ್ಲ. ನಿಮ್ಮ ಪರಿಚಯದವರಲ್ಲದ ಆರು ಹುಡುಗಿಯರನ್ನು ಹುಡುಕಿ, ಸ್ಕ್ರಿಪ್ಟನ್ನು ಓದಿ ಹೇಳಿ, ಇಲ್ಲವೇ ಫೋನಿನಲ್ಲಿ ಸ್ಟಿಲ್ ಫೋಟೊ ಜೋಡಿಸಿ ದನಿ ಸೇರಿಸಿ ತೋರಿಸಿ. ಮೂರು ಕಡೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ‘ಈಗ ನಿಮಗೆ ಏನು ಅನ್ನಿಸ್ತಿದೆ, ಯಾರ ಮೇಲೆ ಅನುಮಾನ?’ ಮೊದಲ ನಿಲುಗಡೆಯಲ್ಲೇ ಎಲ್ಲರೂ ಸರಿಯಾದ ಹೆಸರು ಹೇಳಿದರೆ ಸುಳಿವು ಜಾಸ್ತಿಯಾಯಿತು. ಮೂರನೆಯದರಲ್ಲೂ ಯಾರೂ ಹೇಳದಿದ್ದರೆ ಸುಳಿವನ್ನು ನೀವು ಕೊಟ್ಟೇ ಇಲ್ಲ. ಮುಗಿದ ಮೇಲೆ ‘ಹೇಗಿತ್ತು’ ಎಂದು ಕೇಳಬೇಡಿ, ‘ಸೂಪರ್’ ಎನ್ನುತ್ತಾರೆ. ಕಥೆಯನ್ನು ನಿಮಗೇ ತಿರುಗಿ ಹೇಳಲು ಹೇಳಿ, ಎಲ್ಲಿ ತಡವರಿಸುತ್ತಾರೆ ಎಂದು ನೋಡಿ. ಶೂಟಿಂಗ್ ಆಗಿ ರಫ್ ಕಟ್ ಬಂದ ಮೇಲೆ ಇನ್ನೊಂದು ಗುಂಪಿಗೆ ತೋರಿಸುವಾಗ ಪರದೆ ನೋಡಬೇಡಿ, ಪಕ್ಕಕ್ಕೆ ಕೂತು ಅವರ ಮುಖ ನೋಡಿ. ಯಾವ ನಿಮಿಷದಲ್ಲಿ ಯಾರ ಕೈ ತಮ್ಮ ಫೋನಿನತ್ತ ಹೋಯಿತು ಎಂದು ಗುರುತು ಹಾಕಿಕೊಳ್ಳಿ.

ರಿಪೋರ್ಟ್‌ನಲ್ಲಿ ಏನು ಬರೆಯಬೇಕು ಎಂದು ಕೇಳಿದ್ದಿರಿ. ಹೆಚ್ಚುಕಡಿಮೆ ಹೀಗಿರಲಿ, ನಿಮ್ಮ ಸಂದರ್ಶನಗಳಿಂದ ಬಂದ ವಿವರ ಸೇರಿಸಿ ತಿದ್ದಿಕೊಳ್ಳಿ: ‘ನಮ್ಮ ಪ್ರಧಾನ ಪ್ರೇಕ್ಷಕರು ಊರು ಬಿಟ್ಟು ನಗರದ ಪಿಜಿ ಅಥವಾ ಹಾಸ್ಟೆಲ್‌ಗಳಲ್ಲಿ ಇರುವ 18–24ರ ವಯಸ್ಸಿನ, ಕನ್ನಡ ಮಾತಾಡುವ ಹುಡುಗಿಯರು. ಅವರು ರಾತ್ರಿ ಊಟದ ನಂತರ ಫೋನಿನಲ್ಲಿ, ಒಬ್ಬರೇ ಅಥವಾ ರೂಮ್‌ಮೇಟ್‌ಗಳ ಜತೆ ನೋಡುತ್ತಾರೆ. ಜತೆಯಲ್ಲಿರುವವಳ ಬಗ್ಗೆ ತಮಗೆ ಏನೂ ಗೊತ್ತಿಲ್ಲ ಎಂಬುದು ಅವರ ಭಯ. ವಾಟ್ಸ್‌ಆ್ಯಪ್ ಬಳಕೆಯ ಸೂಕ್ಷ್ಮಗಳು ಅವರಿಗೆ ವಿವರಿಸದೆಯೇ ತಿಳಿಯುತ್ತವೆ ಎಂದು ನಂಬಿ ಸುಳಿವುಗಳನ್ನು ಹೆಣೆದಿದ್ದೇವೆ. ಎರಡನೇ ವರ್ಗ ಅವರ ಪೋಷಕರು. ಅವರಿಗಾಗಿ ಸುಳಿವು ಬಿಡಿಸಿಲ್ಲ, ಆದರೆ ಅವರು ಚಿತ್ರವನ್ನು ಹುಡುಗಿಯರ ವಿರುದ್ಧ ಓದದಂತೆ ಅಂತ್ಯವನ್ನು ರೂಪಿಸಿದ್ದೇವೆ.’ ಇದರ ಕೆಳಗೆ ಸಂದರ್ಶನದ ಮಾತುಗಳು, ಅವುಗಳಿಂದ ಬದಲಾದ ದೃಶ್ಯಗಳು, ಪರೀಕ್ಷೆಯಲ್ಲಿ ಸಿಕ್ಕ ಉತ್ತರಗಳು.

ಯೂಟ್ಯೂಬಿಗೆ ಹಾಕಿದ ಮೇಲೆ ಲಿಂಕನ್ನು ಮೊದಲ ದಿನವೇ ಬಂಧುಬಳಗಕ್ಕೆಲ್ಲ ಹಂಚಬೇಡಿ. ದೊಡ್ಡಪ್ಪ ಪ್ರೀತಿಗೆ ಒತ್ತಿ ಒಂದು ನಿಮಿಷಕ್ಕೆ ಬಿಡುತ್ತಾರೆ, ನಿಮ್ಮ ರಿಟೆನ್ಷನ್ ಗ್ರಾಫ್ (ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರು ಎಂದು ತೋರಿಸುವ ಗೆರೆ) ಯಾರ ಕಥೆ ಹೇಳುತ್ತಿದೆ ಎಂದೇ ತಿಳಿಯದಂತಾಗುತ್ತದೆ. ಮೊದಲ ವಾರ ಪಿಜಿ, ಹಾಸ್ಟೆಲ್ ಗ್ರೂಪುಗಳಿಗೆ ಮಾತ್ರ ಕಳಿಸಿ. ಮೊದಲ 30 ಸೆಕೆಂಡ್ ದಾಟಿ ಎಷ್ಟು ಜನ ಉಳಿದರು ಎಂಬುದನ್ನು ಯೂಟ್ಯೂಬೇ ಬೇರೆಯಾಗಿ ತೋರಿಸುತ್ತದೆ, ಅದನ್ನು ನೋಡಿ. ಆಮೇಲೆ ಟೈಪ್ ಮಾಡಿದ ಆ ಮೆಸೇಜ್ ಬರುವ ಏಳನೇ ನಿಮಿಷಕ್ಕೆ ಹೋಗಿ. ಗ್ರಾಫ್ ಅಲ್ಲಿ ಚೂರು ಮೇಲೆದ್ದಿದ್ದರೆ, ಆ ಮೆಸೇಜನ್ನು ಮತ್ತೆ ನೋಡಲು ಯಾರೋ ಹಿಂದಕ್ಕೆ ಎಳೆದಿದ್ದಾರೆ ಎಂದೇ ಬಹುಮಟ್ಟಿಗೆ ಅರ್ಥ.